ಪ್ಲಾಟರ್ ಕೂರಿಸಿದ ಜಾಗ

ಚಟ್ಟದ ಬಿದಿರಿಗೆ ಸುತ್ತುತ್ತಿದ್ದ ಹಗ್ಗದ ತುದಿಯನ್ನು ದೇವರಾಜ ಕರಿಯಯ್ಯನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. "ಈ ಗಂಟು ಜಾರುತ್ತೆ ಮಾವ, ಕೊಡಿ ಇಲ್ಲಿ," ಅಂದು ಎರಡು ಸುತ್ತು ಹಾಕಿ, ತುದಿಯನ್ನು ಒಳಗಿನಿಂದ ಎಳೆದು, ಹೆಬ್ಬೆರಳಲ್ಲಿ ಒತ್ತಿ ಬಿಗಿದ. ಎಪ್ಪತ್ತು ದಾಟಿದ ಕರಿಯಯ್ಯ ಗಂಟನ್ನು ಅಲ್ಲಾಡಿಸಿ ನೋಡಿದ. ಅದು ಅಲ್ಲಾಡಲಿಲ್ಲ.

"ಇದು ದೋಣಿ ಗಂಟೇನ್ಲಾ?"

"ಹೂಂ ಮಾವ. ಭಾವನೇ ಕಲ್ಸಿದ್ದು."

"ಗಂಟೇನೋ ಗಟ್ಟಿ ಕಲ್ಸವ್ನೆ. ದೋಣೀನ ಮಾತ್ರ ತಗೊಂಡೋಗಿ ಬಂಡೆಗೆ ಕೊಟ್ಟ."

ಅಂಗಳದಲ್ಲಿ ನಿಂತಿದ್ದವರಲ್ಲಿ ಇಬ್ಬರು ಮೂವರು ನಕ್ಕರು. ಸಾವಿನ ಮನೆ ಎಂಬುದು ನೆನಪಾಗಿ ಒಬ್ಬ ಕೆಮ್ಮಿದ. ಕರಿಯಯ್ಯನಿಗೇನೂ ದ್ವೇಷವಿರಲಿಲ್ಲ. ಸತ್ತ ಜವರಣ್ಣ ಅವನ ಸ್ವಂತ ಅಣ್ಣನ ಮಗ, ಕೈಯಲ್ಲಿ ಆಡಿಸಿದ ಕೂಸು. ಬೆಳಗಿನಿಂದ ಅತ್ತು ಅತ್ತು ಅವನ ಕಣ್ಣು ಊದಿತ್ತು. ಆದರೆ ಮಾದಿಹಳ್ಳಿಯಲ್ಲಿ ನಾಲ್ಕು ವರ್ಷದಿಂದ ಜವರಣ್ಣನ ಹೆಸರು ಬಂದ ಕಡೆಯೆಲ್ಲ ಆ ದೋಣಿಯ ಮಾತೂ ಬರುತ್ತಿತ್ತು. ಸತ್ತ ದಿನ ಬಿಟ್ಟುಬಿಡುತ್ತದೆಯೇ? ಬಾಯಿಗೆ ರೂಢಿಯಾಗಿ ಹೋಗಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರೆ. ದೇವರಾಜ ಹೆಗಲು ಮುಟ್ಟಿಕೊಳ್ಳಲಿಲ್ಲ, ಅಷ್ಟೇ. ಬಗ್ಗಿ ಇನ್ನೊಂದು ಗಂಟು ಹಾಕತೊಡಗಿದ. ಅವನು ಹೆಂಡತಿ ಮಂಜುಳಾಳನ್ನು ಕಾರವಾರದಲ್ಲೇ ಬಿಟ್ಟು, ಹುಬ್ಬಳ್ಳಿಯಲ್ಲಿ ರೈಲು ಹಿಡಿದು, ಬೆಳಗಿನ ಜಾವ ಬಾಣಾವರದಲ್ಲಿ ಇಳಿದು, ಹಳೇಬೀಡಿನ ಬಸ್ಸಲ್ಲಿ ನಿಂತುಕೊಂಡೇ ಬಂದಿದ್ದ. ಸೀಟಿತ್ತು. ಕೂರಬೇಕು ಅನ್ನಿಸಿರಲಿಲ್ಲ.

"ಮಾವ, ಅಮ್ಮ ಕರೀತಾವ್ರೆ," ಎಂದು ಜವರಣ್ಣನ ಮಗಳು ಶ್ಯಾಮಲಾ ಬಾಗಿಲಿಗೆ ಬಂದು ದೇವರಾಜನಿಗೆ ಹೇಳಿದಳು. ಅವಳು ಅರಸೀಕೆರೆಯ ಒಂದು ಶಾಲೆಯಲ್ಲಿ ಟೀಚರು. ಅಪ್ಪನ ಕಾಲ ಮೇಲೆ ಬಿದ್ದು ಹೊರಳಾಡಿ ಅತ್ತಿದ್ದವಳು ಈಗ ಬಂದವರಿಗೆ ಕಾಫಿ ಕೊಡುತ್ತಿದ್ದಳು.

ಜವರಣ್ಣನ ಹೆಂಡತಿ ಅಣ್ಣಮ್ಮ ಹಿತ್ತಲ ಕಲ್ಲಿನ ಮೇಲೆ ಕೂತಿದ್ದಳು. ದೇವರಾಜನಿಗೆ ಅವಳು ಅಕ್ಕ ಮಾತ್ರವಲ್ಲ. ಅವ್ವ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಮದುವೆಯಾಗಿ ಹೊರಟಾಗಲೂ ಅವನನ್ನು ಜೊತೆಗೆ ಕರಕೊಂಡೇ ಗಂಡನ ಮನೆಗೆ ಬಂದಿದ್ದಳು. ಜವರಣ್ಣ ಬೇಡ ಅಂದಿರಲಿಲ್ಲ.

"ಕೂತ್ಕೋ," ಅಂದಳು. ಅವನು ಕೂತ.

"ಯಾರ್ ತಾವೂ ಹೇಳಿಲ್ಲ, ನಿನ್ನ ಮುಂದೆ ಹೇಳ್ತೀನಿ. ನಿನ್ನೆ ಬೆಳಗ್ಗೆ ಕನ್ನಡಕ ಹುಡುಕ್ತಿದ್ರು. ಹಗರೇಲಿ ಯಾರದೋ ಮನೆ ಬಾಗಿಲ ಚೌಕಟ್ಟು ನಿಲ್ಸೋಕೆ ಹೋಗ್ಬೇಕಾಗಿತ್ತು. ಕನ್ನಡಕ ಕಣ್ಣೆದುರಿಗೇ ಮೊಳೆಗೆ ನೇತಾಕಿದ್ರು, ಕಾಣ್ತಿಲ್ಲ. ನಂಗೆ ರೇಗೋಯ್ತು ಕಣೋ. ಎದುರಿಗಿರೋದು ಕಾಣದೋರು ಸಮುದ್ರದಾಗೆ ದೋಣಿಗೆ ದಾರಿ ತೋರ್ಸೋಕೆ ಹೋಗಿದ್ರು ಅಂದ್ಬಿಟ್ಟೆ."

ದೇವರಾಜ ಕಲ್ಲಿನ ಸಂದಿಯ ಹುಲ್ಲೊಂದನ್ನು ಕಿತ್ತ.

"ನಕ್ರು. ನಕ್ಕು, ಬತ್ತೀನಿ ಕಣೇ ಅಂತ ಬಸ್ಸಿಗೆ ಹೋದ್ರು. ಮಧ್ಯಾಹ್ನ ಹೆಣ ಬಂತು. ಉಳಿ ಕೈಯಾಗೇ ಇತ್ತಂತೆ, ಎದೆ ಹಿಡ್ಕೊಂಡು ಕೂತ್ರಂತೆ, ಅಷ್ಟೇಯಂತೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಅದೇ ಕೊನೇ ಮಾತಾಗೋಯ್ತಲ್ಲೋ ದೇವ. ರಾತ್ರಿಯೆಲ್ಲ ಅದೇ. ಆಮೇಲೆ ನಾನೇ ಸಮಾಧಾನ ಮಾಡ್ಕೊಂಡೆ. ಬಿರುಸಾಗಿ ಅಂದೆ, ನಿಜ. ಆದ್ರೆ ಸುಳ್ಳೇನೂ ಅನ್ಲಿಲ್ವಲ್ಲ. ಅವ್ರ ತಪ್ಪಿಂದ ಒಬ್ಬರ ಕಾಲು ಹೋಯ್ತು, ನಮ್ಮ ಸಂಸಾರ ಎದ್ದು ಬಂತು. ಇದ್ದದ್ದನ್ನೇ ಅಂದೆ. ಅಲ್ವೇನೋ?"

ಅವಳು ಉತ್ತರಕ್ಕೆ ಕಾದಳು. ಸಾವಿನ ಮನೆಯಲ್ಲಿ ಹೆಂಗಸರು ಹೀಗೆ ಕೇಳುವ ಮಾತಿಗೆ ಗಂಡಸರು ಹೂಂ ಅನ್ನುವುದು ವಾಡಿಕೆ. ದೇವರಾಜನೂ ಹೂಂ ಅಂದ. ಅಂದ ಕ್ಷಣವೇ ಅವನಿಗೆ ತನ್ನ ಮೇಲೆ ಎಷ್ಟು ಅಸಹ್ಯವಾಯಿತೆಂದರೆ, ಎದ್ದು ಹೋಗಿ ತೊಟ್ಟಿಯ ನೀರಲ್ಲಿ ಬಾಯಿ ಮುಕ್ಕಳಿಸಿದ.

*

2003ರ ಮಾರ್ಚ್ ತಿಂಗಳು. ಕಾರವಾರದ ಹತ್ತಿರ ಹೊಳೆ ಸಮುದ್ರಕ್ಕೆ ಸೇರುವ ಕಡೆ ತಗಡಿನ ಮಾಡಿನ ಒಂದು ಸಣ್ಣ ದೋಣಿ ಕಾರ್ಖಾನೆ. ಜವರಣ್ಣ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಮರಗೆಲಸದ ಮೇಸ್ತ್ರಿ. ಅವನ ಕೈಯಲ್ಲಿ ಎಷ್ಟು ದೋಣಿ ನೀರಿಗಿಳಿದವೋ ಲೆಕ್ಕವಿಲ್ಲ. ತಮಾಷೆಯೆಂದರೆ ಆತನಿಗೆ ಈಜು ಬರುತ್ತಿರಲಿಲ್ಲ. ಹಳೇಬೀಡಿನ ಕೆರೆಯಲ್ಲಿ ಮೊಣಕಾಲಿಗಿಂತ ಮೇಲೆ ನೀರಿಗಿಳಿದವನಲ್ಲ. "ದೋಣಿ ಗಟ್ಟಿಯಾಗಿದ್ರೆ ಈಜು ಯಾಕಪ್ಪ ಬೇಕು?" ಅನ್ನುತ್ತಿದ್ದ. ಅರಸೀಕೆರೆಯಲ್ಲಿ ಐಟಿಐ ಮುಗಿಸಿದ ದೇವರಾಜನನ್ನು ವೈರಿಂಗ್ ಕೆಲಸಕ್ಕೆಂದು ಕರೆಸಿಕೊಂಡವನೂ ಅವನೇ.

ಆ ವರ್ಷ ನಿವೃತ್ತ ಡಾಕ್ಟರೊಬ್ಬರು ತಮಗಾಗಿ ಒಂದು ಸಣ್ಣ ಹಾಯಿದೋಣಿ ಮಾಡಿಸಿದರು. ಇಪ್ಪತ್ತನಾಲ್ಕು ಅಡಿ. ಮುಂದೆ ಇಬ್ಬರು ಮಲಗುವಷ್ಟು ಕೋಣೆ, ಹಿಂದೆ ಚುಕ್ಕಾಣಿ ಹಿಡಿದು ಕೂರುವ ಜಾಗ, ನಡುವೆ ಒಂದು ಕಿರಿದಾದ ಬಾಗಿಲು. ಅದಕ್ಕೆ ಹಾಕಿಸಲು ಹೊರದೇಶದಿಂದ ಒಂದು ಪ್ಲಾಟರ್ ತರಿಸಿದ್ದರು. ಪುಸ್ತಕದ ಅಗಲದ ಪರದೆ. ಸಮುದ್ರದ ನಕ್ಷೆಯೂ, ಆ ನಕ್ಷೆಯಲ್ಲಿ ನಮ್ಮ ದೋಣಿ ಈಗ ಎಲ್ಲಿದೆ ಎಂಬುದೂ ಅದರಲ್ಲಿ ಕಾಣುತ್ತಿತ್ತು. "ಎಲ್ಲಾದರೂ ಕೂರಿಸಿ, ನನ್ನ ಕಣ್ಣಿಗೆ ಕಂಡರೆ ಸಾಕು," ಎಂದು ಹೇಳಿ ಡಾಕ್ಟರು ಹೊರಟುಹೋದರು.

ಎಲ್ಲಾದರೂ ಅನ್ನುವ ಜಾಗ ದೋಣಿಯಲ್ಲಿ ಇರುವುದಿಲ್ಲ. ಜವರಣ್ಣ ಪರದೆಯಷ್ಟೇ ಅಗಲದ ಒಂದು ರಟ್ಟು ಕತ್ತರಿಸಿದ. ಅದನ್ನು ಕೈಯಲ್ಲಿ ಹಿಡಿದು ಮೂರು ದಿನ ದೋಣಿಯೊಳಗೆ ಕೂತ. ಒಂದೊಂದು ಜಾಗಕ್ಕೆ ರಟ್ಟು ಅಂಟಿಸುವುದು, ಹೋಗಿ ಚುಕ್ಕಾಣಿ ಹಿಡಿದು ಕೂರುವುದು, ಅಲೆ ಬಂದ ಹಾಗೆ ಮೈ ತೂಗುವುದು. ನೆಲದ ಮೇಲೆ ಮರದ ದಿಮ್ಮಿ ಕೊಟ್ಟು ನಿಲ್ಲಿಸಿದ ದೋಣಿಯಲ್ಲಿ ಒಬ್ಬ ದೊಡ್ಡ ಮನುಷ್ಯ ಹೀಗೆ ತೂಗುತ್ತಿದ್ದರೆ ದೇವರಾಜನಿಗೆ ನಗು ತಡೆಯುತ್ತಿರಲಿಲ್ಲ.

"ನಗ್ಬೇಡ, ನೀನೂ ಕೂತು ನೋಡು," ಅಂದ ಜವರಣ್ಣ. "ಇಲ್ಲಿ ಕಾಲ ಪಕ್ಕ ಕೂರ್ಸಿದ್ರೆ ಹಾಯಿ ಹಗ್ಗ ಸಿಕ್ಕಾಕ್ಕೊಂತದೆ. ಒಳಗೆ ಮೇಜಿನ ಮೇಲೆ ಕೂರ್ಸಿದ್ರೆ ನೆನೆಯಲ್ಲ ನಿಜ, ಆದ್ರೆ ನೋಡ್ಬೇಕು ಅಂದಾಗೆಲ್ಲ ಚುಕ್ಕಾಣಿ ಬಿಟ್ಟು ಒಳಗೋಗ್ಬೇಕು. ಒಬ್ಬನೇ ಇದ್ರೆ ಗತಿ ಏನು?"

"ಕೋಣೆಯ ಈ ಹೊರಗೋಡೆಗೆ ಹೊಡೆದ್ರೆ ಆಯ್ತಲ್ಲ ಭಾವ. ಬಾಗಿಲ ಪಕ್ಕ, ದಿಕ್ಸೂಚಿ ಮಗ್ಗುಲಿಗೆ. ಎರಡೂ ಒಟ್ಟಿಗೆ ಕಾಣ್ತವೆ. ವೈರೂ ಮೂರಡಿ ಸಾಕು. ಲಕ್ಷಣವಾಗಿರುತ್ತೆ."

"ಲಕ್ಷಣಕ್ಕೆ ಬೆಂಕಿ ಹಾಕು. ಮೊದಲನೇದು, ಅಲೆ ನೀರು ನೇರ ಬಂದು ಹೊಡೆಯೋದೇ ಆ ಗೋಡೆಗೆ. ಎರಡನೇದು, ದಿಕ್ಸೂಚಿ ಭಾಳ ಸಾಧು ಕಣೋ. ಪಕ್ಕದಾಗೆ ಕಬ್ಬಿಣ ಬಂದು ಕೂತ್ರೆ ಅದು ಹೇಳಿದ್ದಕ್ಕೆಲ್ಲ ಹೂಂ ಅಂತದೆ. ಎರಡು ಮೊಳದೊಳಗೆ ಕಬ್ಬಿಣದ ಒಂದು ಮೊಳೆ ಇರಕೂಡದು."

ಕೊನೆಗೆ ಅವನು ಬಾಗಿಲ ಒಳಮಗ್ಗುಲಿಗೆ, ದಿಕ್ಸೂಚಿಗೆ ಎದುರು ಬದಿಯಲ್ಲಿ ಪೆನ್ಸಿಲ್ ಗುರುತು ಹಾಕಿದ. ಅಲ್ಲಿ ಹಿತ್ತಾಳೆ ಕೀಲಿನ ಮೇಲೆ ತಿರುಗುವ ತೇಗದ ಒಂದು ತೋಳು. ಬೇಕಾದಾಗ ಹೊರಕ್ಕೆ ತಿರುಗಿಸಿದರೆ ಪರದೆ ಬಾಗಿಲಿನ ನಡುವೆ ಬಂದು ನಿಲ್ಲುತ್ತದೆ. ನೀರು ಎರಚಿದರೆ ಒಳಕ್ಕೆ ತಳ್ಳಬಹುದು. ಎಲ್ಲ ಮುಗಿದ ಮೇಲೆ ದೋಣಿಯನ್ನು ನೀರಲ್ಲಿ ನಾಲ್ಕು ದಿಕ್ಕಿಗೂ ತಿರುಗಿಸಿ, ಗುಡ್ಡದ ಗುರುತಿಗೆ ಹಿಡಿದು, ದಿಕ್ಸೂಚಿ ಸರಿಯಾಗಿದೆಯೇ ನೋಡಬೇಕು. ಅದಕ್ಕೆ ಅರ್ಧ ದಿನ ಬೇಕು.

ಅಷ್ಟರಲ್ಲಿ ತಾಯಿಯ ವರ್ಷದ ತಿಥಿ ಬಂತು. ಜವರಣ್ಣ ಹತ್ತು ದಿನಕ್ಕೆ ಊರಿಗೆ ಹೋದ. ಮಂಗಳೂರಿನಿಂದ ಬರಬೇಕಾದ ಹಿತ್ತಾಳೆ ಕೀಲು ಬರಲಿಲ್ಲ. ಭಾನುವಾರ ದೋಣಿ ನೀರಿಗಿಳಿಸಬೇಕು, ಸ್ನೇಹಿತರೆಲ್ಲ ಬರುತ್ತಿದ್ದಾರೆ ಎಂದು ಡಾಕ್ಟರ ಫೋನ್ ಬಂತು. ದೇವರಾಜ ಯೋಚನೆ ಮಾಡಿದ. ನಿಜ ಹೇಳಬೇಕೆಂದರೆ ಹೆಚ್ಚೇನೂ ಯೋಚಿಸಲಿಲ್ಲ. ಗ್ರಿಲ್ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿ ಬಗ್ಗಿಸಿ ಒಂದು ಬ್ರಾಕೆಟ್ ಮಾಡಿಸಿ, ಅದಕ್ಕೆ ಬಿಳಿ ಬಣ್ಣ ಹೊಡೆದು, ತಾನು ಮೊದಲೇ ಹೇಳಿದ ಗೋಡೆಗೆ, ದಿಕ್ಸೂಚಿಯಿಂದ ಒಂದು ಗೇಣು ಅಂತರದಲ್ಲಿ ಪ್ಲಾಟರ್ ಕೂರಿಸಿದ. ಬಹಳ ಲಕ್ಷಣವಾಗಿ ಕಂಡಿತು. ಡಾಕ್ಟರು ಬೆನ್ನು ತಟ್ಟಿದರು. ದೋಣಿ ತಿರುಗಿಸಿ ನೋಡಲು ಅರ್ಧ ದಿನ ಎಲ್ಲಿಂದ ತರುವುದು? ಇಷ್ಟು ದೊಡ್ಡ ನಕ್ಷೆಯೇ ಕಣ್ಣ ಮುಂದೆ ಇರುವಾಗ ದಿಕ್ಸೂಚಿಯನ್ನು ಯಾರು ಕೇಳುತ್ತಾರೆ?

ಜವರಣ್ಣ ವಾಪಸು ಬಂದಾಗ ದೋಣಿ ಹೊರಟುಹೋಗಿತ್ತು.

"ಪ್ಲಾಟರ್ ಎಲ್ಲಿ ಕೂರ್ಸಿದೆ?"

"ನೀವು ಗುರುತು ಹಾಕಿದ ಜಾಗದಲ್ಲೇ ಭಾವ."

"ತಿರುಗ್ಸಿ ನೋಡಿದ್ಯಾ?"

"ನೋಡ್ದೆ."

ಜವರಣ್ಣ ಮತ್ತೆ ಕೇಳಲಿಲ್ಲ. ಹೆಂಡತಿಯ ತಮ್ಮ, ತಾನೇ ಕೆಲಸ ಕಲಿಸಿದವನು. ಪರೀಕ್ಷೆ ಆಯಿತು ಎಂಬ ಕಾರ್ಡಿಗೆ ತನ್ನ ರುಜು ಹಾಕಿದ.

*

ಹೆಣವನ್ನು ಅಂಗಳಕ್ಕೆ ತಂದು ಮಲಗಿಸಿದರು. ಹೊಸ ಪಂಚೆ ಸುತ್ತಿ, ಹಣೆಗೆ ವಿಭೂತಿ ಬಳಿದರು. ಬಾಯಿಗೆ ಅಕ್ಕಿ ಹಾಕುವ ಶಾಸ್ತ್ರ ಶುರುವಾಯಿತು. ಒಬ್ಬೊಬ್ಬರೂ ನಾಲ್ಕು ಕಾಳು ಅಕ್ಕಿಯನ್ನು ಸತ್ತವನ ತುಟಿಗೆ ಮುಟ್ಟಿಸಿ, ಏನಾದರೂ ತಪ್ಪಿದ್ದರೆ ಮನಸ್ಸಲ್ಲಿ ಇಟ್ಟುಕೊಳ್ಳಬೇಡ ಎಂದು ಹೇಳಿ ಪಕ್ಕಕ್ಕೆ ಸರಿಯುವುದು ಅಲ್ಲಿಯ ಪದ್ಧತಿ.

ನೆರೆಮನೆಯ ಹನುಮಮ್ಮ ಮುದುಕಿ ಮೊದಲು ಬಂದಳು. "ನಮ್ಮನೆ ಬಾಗ್ಲು ಮಾಡ್ಕೊಟ್ಟೆ ಕಣಪ್ಪ. ಎಂಥ ಮಳೆಗಾಲ್ದಾಗೂ ಕಚ್ಚಲಿಲ್ಲ. ನಾನೇ ಪಾಪಿ, ಬಾಗ್ಲಿಗೆ ಹಿತ್ತಾಳೆ ಸ್ಕ್ರೂ ಯಾಕೋ, ಏನ್ ಅರಮನೇನಾ ಅಂತ ಆಡ್ಕಂಡೆ. ಹೊಟ್ಟೇಲಿ ಹಾಕ್ಕೊಳಪ್ಪ," ಎಂದು ಗಟ್ಟಿಯಾಗಿಯೇ ಹೇಳಿ ಅತ್ತಳು.

ನಿಜಕ್ಕೂ ಆ ಬೀದಿಯಲ್ಲಿ ಎಷ್ಟೋ ಬಾಗಿಲು, ಕಿಟಕಿ ಜವರಣ್ಣನವೇ. ಊರಿಗೆ ವಾಪಸಾದ ಮೇಲೆ ನಾಲ್ಕು ವರ್ಷ ಅವನು ಮಾಡಿದ್ದು ಅದನ್ನೇ. ಕಬ್ಬಿಣದ ಮೊಳೆ ಮುಟ್ಟುತ್ತಿರಲಿಲ್ಲ. ಹಸುವಿನ ಗೊಂತಿಗೂ ಮರದ ಬೆಣೆಯನ್ನೇ ಬಡಿಯುತ್ತಿದ್ದ. ಜನ ಇದನ್ನೂ ಸೇರಿಸಿಕೊಂಡು ನಗುತ್ತಿದ್ದರು. ದೋಣಿ ಒಡೆದ ಮೇಲೆ ಪಾಪ ತಲೆಗೂ ಏನೋ ಆಗಿದೆ ಅನ್ನುತ್ತಿದ್ದರು. ಅವನು ಯಾರಿಗೂ ತಿರುಗಿ ಹೇಳಿದವನಲ್ಲ.

ಶ್ಯಾಮಲಾ ಅಕ್ಕಿ ಹಾಕಿದಳು. "ಅಪ್ಪ, ನಮ್ಮ ಸ್ಕೂಲಲ್ಲಿ ನಿಮ್ಮಪ್ಪ ಏನ್ ಕೆಲ್ಸ ಮಾಡ್ತಾರೆ ಅಂತ ಕೇಳಿದ್ರೆ ಬಡಗಿ ಅಂತಿದ್ದೆ. ದೋಣಿ ಮಾಡ್ತಿದ್ರು ಅಂತ ಒಂದಿನಾನೂ ಹೇಳಲಿಲ್ಲ. ನಂಗೆ ನಾಚ್ಕೆ ಆಗ್ತಿತ್ತು ಅಪ್ಪ." ಹೆಂಗಸರು ಅವಳನ್ನು ಹಿಡಿದು ಎತ್ತಿದರು.

ದೇವರಾಜನ ಸರದಿ ಬಂತು. ಅವನು ಮಂಡಿಯೂರಿ ಕೂತ. ಅಕ್ಕಿಕಾಳು ಬೆವತ ಬೆರಳಿಗೆ ಅಂಟಿಕೊಂಡು ತುಟಿಯ ಮೇಲೆ ಬೀಳಲಿಲ್ಲ. ಬೆರಳಿನಿಂದಲೇ ಒರೆಸಿ ಹಾಕಬೇಕಾಯಿತು. ಭಾವನ ಮುಖ ಕೆಲಸದ ನಡುವೆ ಕಣ್ಣು ಮುಚ್ಚಿ ಲೆಕ್ಕ ಹಾಕುತ್ತಿರುವವನ ಹಾಗಿತ್ತು. ತಪ್ಪಿದ್ದರೆ ಮನಸ್ಸಲ್ಲಿ ಇಟ್ಟುಕೊಳ್ಳಬೇಡಿ ಅನ್ನಬೇಕು. ಇದ್ದರೆ! ಹಿಂದೆ ನಿಂತವರು ಅವಸರ ಮಾಡಿದರು. ಏನೂ ಹೇಳದೆ ಎದ್ದ.

"ಪಾಪ, ತಂದೆ ಸಮ ಇದ್ದೋನು. ಬಾಯೇ ಬರ್ತಿಲ್ಲ ನೋಡು," ಎಂದು ಹನುಮಮ್ಮ ಅವನ ಬೆನ್ನು ಸವರಿದಳು. ಆ ಮುದುಕಿ ಒಂದು ಏಟು ಹೊಡೆದಿದ್ದರೆ ಅವನಿಗೆ ಹೆಚ್ಚು ಸುಖವಾಗುತ್ತಿತ್ತು.

*

ದೋಣಿ ಡಾಕ್ಟರ ಕೈಯಲ್ಲಿ ಇಪ್ಪತ್ತು ದಿನ ಚೆನ್ನಾಗಿಯೇ ಓಡಿತು. ಹಗಲು ಹೊತ್ತು, ದಡ ಕಾಣುತ್ತಿರುತ್ತಿತ್ತು, ಪರದೆ ಬೆಳಗುತ್ತಿರುತ್ತಿತ್ತು. ದಿಕ್ಸೂಚಿಯ ಮುಖ ನೋಡುವ ಪ್ರಮೇಯವೇ ಬರಲಿಲ್ಲ. ಇಪ್ಪತ್ತೊಂದನೇ ದಿನ ಸಂಜೆ ಅವರು ಒಬ್ಬರೇ ವಾಪಸು ಬರುತ್ತಿರುವಾಗ ಗಾಳಿ ಎದ್ದಿತು. ಅಲೆಯ ನೀರು ನೇರ ಬಂದು ಗೋಡೆಗೆ ಹೊಡೆಯಿತು, ಪರದೆ ಕಪ್ಪಾಯಿತು. ಮಬ್ಬಿನಲ್ಲಿ ದಡವೂ ಕಾಣದೆ, ದಿಕ್ಸೂಚಿಯನ್ನು ನಂಬಿ ಬಂದರಿನ ಬಾಯಿಗೆ ಹಿಡಿದರು. ದಿಕ್ಸೂಚಿ ಪಕ್ಕದ ಕಬ್ಬಿಣದ ಮಾತು ಕೇಳುತ್ತಿತ್ತು. ದೋಣಿ ಬಂದರಿನ ಬದಿಯ ಬಂಡೆಸಾಲಿಗೆ ಹೋಗಿ ಬಡಿಯಿತು. ಮೀನುಗಾರರು ಡಾಕ್ಟರನ್ನು ಎತ್ತಿ ತಂದರು. ದೋಣಿಗೂ ಬಂಡೆಗೂ ನಡುವೆ ಸಿಕ್ಕಿದ ಬಲಗಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು.

ಒಡೆದ ದೋಣಿಯನ್ನು ಕಾರ್ಖಾನೆಗೇ ಎಳೆದು ತಂದರು. ಜವರಣ್ಣ ಹತ್ತಿ ಒಳಗೆ ಹೋದ. ತಾನು ಪೆನ್ಸಿಲ್ ಗುರುತು ಹಾಕಿದ ಕಡೆ ಏನೂ ಇರಲಿಲ್ಲ. ಹೊರಗಿನ ಗೋಡೆಯ ಬ್ರಾಕೆಟ್ಟಿನ ಬಿಳಿ ಬಣ್ಣವನ್ನು ಹೆಬ್ಬೆರಳ ಉಗುರಿಂದ ಕೆರೆದ. ಬಣ್ಣದಡಿ ಕಬ್ಬಿಣದ ತುಕ್ಕು ಇತ್ತು. ಕೆಳಗೆ ನಿಂತಿದ್ದ ದೇವರಾಜನನ್ನು ಒಂದು ಸಲ ನೋಡಿದ.

ಕಾರ್ಖಾನೆಯ ಯಜಮಾನರು ಬಂದರು. "ಇದನ್ನ ಇಲ್ಲಿ ಕೂರಿಸು ಅಂತ ಹೇಳಿದ್ದು ಯಾರು?"

ದೇವರಾಜ ಬಾಯಿ ತೆರೆದಿದ್ದ. ಅದರಿಂದ ಏನು ಬರುತ್ತಿತ್ತೋ ಅವನಿಗೆ ಇವತ್ತಿಗೂ ಗೊತ್ತಿಲ್ಲ.

"ನಾನೇ ಯಜಮಾನ್ರೆ," ಅಂದ ಜವರಣ್ಣ. "ಊರಿಗೆ ಹೋಗೋ ಮುಂಚೆ ಜಾಗ ತೋರ್ಸಿದ್ದೆ. ಹುಡುಗ ಹೇಳಿದಂಗೆ ಮಾಡವ್ನೆ. ತಿರುಗ್ಸಿ ನೋಡ್ದೆ ರುಜು ಹಾಕಿದ್ದೂ ನಾನೇ."

ಇನ್ನೊಂದು ತಿಂಗಳಿಗೆ ದೇವರಾಜನ ಮದುವೆ ನಿಶ್ಚಯವಾಗಿತ್ತು. ಕೆಲಸ ಅದೇ ತಾನೇ ಕಾಯಂ ಆಗಿತ್ತು. ಕೆಲಸ ಕಳೆದುಕೊಂಡ ಜವರಣ್ಣ ಮನೆ ಖಾಲಿ ಮಾಡಿ, ಹತ್ಯಾರದ ಪೆಟ್ಟಿಗೆ ಹೊತ್ತು, ಗೊಣಗುವ ಹೆಂಡತಿಯನ್ನೂ ಓದುವ ಮಗಳನ್ನೂ ಕರಕೊಂಡು ಊರಿಗೆ ಬಂದ. ಎರಡು ವರ್ಷ ಕಳೆದ ಮೇಲೆ ಖಾಲಿ ಬಿದ್ದ ಮೇಸ್ತ್ರಿ ಜಾಗಕ್ಕೆ ದೇವರಾಜನನ್ನೇ ನೇಮಿಸಿದರು.

ಒಂದು ಸಲ ಅವನು ಬಾಯಿ ಬಿಟ್ಟಿದ್ದುಂಟು. ಯುಗಾದಿಗೆ ಬಂದಿದ್ದಾಗ, ಇಬ್ಬರೂ ಹಳೇಬೀಡಿನ ಕೆರೆ ಏರಿಯ ಮೇಲೆ ನಡೆಯುತ್ತಿದ್ದರು. "ಭಾವ, ನಾನು ಅಕ್ಕನಿಗೆ ಎಲ್ಲ ಹೇಳ್ಬಿಡ್ತೀನಿ," ಅಂದ.

"ಹೇಳಿ?"

"ದಿನಾ ನಿಮ್ಮನ್ನ ಅಂತಾಳೆ. ನಂಗೆ ಕೇಳೋಕಾಗಲ್ಲ."

ಜವರಣ್ಣ ಬಗ್ಗಿ ದಾರಿಗೆ ಬಿದ್ದಿದ್ದ ಮುಳ್ಳುಕಡ್ಡಿಯನ್ನು ಎತ್ತಿ ಪಕ್ಕಕ್ಕೆ ಎಸೆದ. "ನನ್ನ ಬೈದ್ರೆ ಅವಳು ಹಗುರಾಗ್ತಾಳೆ ಕಣೋ. ನಿನ್ನ ಬೈಯೋ ಹಂಗಾದ್ರೆ ಅವಳು ಹಗುರಾಗಲ್ಲ. ಅವಳಿಗೆ ಗಂಡ ಹೆಂಗೋ ಇರ್ತಾನೆ, ತಮ್ಮ ಇಲ್ದಂಗಾಗ್ತಾನೆ. ಬಿಡು ಆ ಮಾತ."

ದೇವರಾಜ ಬಿಟ್ಟ. ಎಷ್ಟು ಬೇಗ ಬಿಟ್ಟನೆಂದರೆ, ಏರಿ ಇಳಿಯುವುದರೊಳಗೆ ಬೇರೆ ಮಾತು ಶುರುವಾಗಿತ್ತು. ಮನಸ್ಸಿಗೆ ದೊಡ್ಡ ಭಾರ ಇಳಿದಂತಾಗಿತ್ತು. ಆ ಹಗುರವನ್ನು ನೆನೆಸಿಕೊಂಡರೆ ಈಗಲೂ ಅವನ ಮೈ ಬಿಸಿಯಾಗುತ್ತದೆ.

*

ತಮಟೆ ಮುಂದೆ ನಡೆಯಿತು. ಚಟ್ಟದ ಮುಂಭಾಗಕ್ಕೆ ದೇವರಾಜ ಹೆಗಲು ಕೊಟ್ಟ. ಊರಾಚೆ ಜವರಣ್ಣನದೇ ಹತ್ತು ತೆಂಗಿನ ಮರದ ತೋಟ. ಅದರ ಮೂಲೆಯಲ್ಲಿ ಗುಂಡಿ ತೋಡಿದ್ದರು. ಹೆಂಗಸರು ತೋಟದ ಬೇಲಿಯ ತನಕ ಬಂದು ಅಲ್ಲೇ ನಿಲ್ಲುವುದು ರೂಢಿ. ಅವರು ನಿಂತರು. ಗಂಡಸರು ಒಳಗೆ ಹೋಗಿ ಚಟ್ಟ ಇಳಿಸಿದರು.

ಇಳಿಸಿದ ಮೇಲೆ ಯಾರೋ ಗುಂಡಿಯನ್ನು ನೋಡಿ, "ಇದೇನಿದು, ವಾರೆ ಐತಲ್ಲ?" ಅಂದರು.

ವಾರೆಯೇ ಇತ್ತು. ಆ ಕಡೆ ಹೆಣದ ತಲೆ ದಕ್ಷಿಣಕ್ಕೆ ಬರಬೇಕು. ಒಂದು ಮೂಲೆಯಲ್ಲಿ ಬಂಡೆ ಸಿಕ್ಕಿದ್ದರಿಂದ ತೋಡುವವರು ಅದನ್ನು ತಪ್ಪಿಸಿಕೊಂಡು ತೋಡಿದ್ದರು. ಗುಂಡಿ ದಕ್ಷಿಣ ಬಿಟ್ಟು ಒಂದಿಷ್ಟು ಪೂರ್ವಕ್ಕೆ ತಿರುಗಿತ್ತು.

"ಬಂಡೆ ಅಡ್ಡ ಬಂದದೆ, ಏನ್ ಮಾಡಾಣ," ಅಂದ ಕರಿಯಯ್ಯ. "ಬಿಸಿಲು ಏರ್ತಾ ಐತೆ. ಒಂದಿಷ್ಟು ವಾರೆ ಆದ್ರೆ ಏನಾಗಲ್ಲ, ಇಳಿಸ್ರಪ್ಪ. ದಿಕ್ಕು ತಪ್ಪೋದು ನಮ್ಮ ಜವರಂಗೆ ಹೊಸದಾ?"

ಈ ಸಲ ನಕ್ಕವರು ಹೆಚ್ಚು. ಅಳುವಿನ ನಡುವೆ ಬರುವ ಅಂಥ ನಗುವಿನಲ್ಲಿ ಪ್ರೀತಿಯೂ ಇತ್ತು. ಬೇಲಿಯಾಚೆಯಿಂದ ಅಣ್ಣಮ್ಮನ ಒಡೆದ ದನಿ ಕೇಳಿತು: "ಇಳಿಸ್ಬಿಡಿ ಮಾವ. ಇದ್ದಾಗ್ಲೂ ಹಂಗೇ ಇದ್ರು. ಹೋಗ್ಲಿ ಬಿಡಿ."

ನಾಲ್ಕು ಜನ ಚಟ್ಟದ ಹಗ್ಗಕ್ಕೆ ಕೈ ಹಾಕಿದರು. ದೇವರಾಜ ಅಡ್ಡ ನಿಂತ.

"ಬೇಡಿ. ಇಳಿಸ್ಬೇಡಿ."

"ಯಾಕ್ಲಾ?"

"ದಿಕ್ಕು ತಪ್ಪಿಸಿದ್ದು ಭಾವ ಅಲ್ಲ ಮಾವ. ನಾನು."

ಅವನ ದನಿ ಅವನಿಗೇ ಪರಿಚಯವಿಲ್ಲದಷ್ಟು ಗಟ್ಟಿಯಾಗಿತ್ತು. ಬೇಲಿಯವರೆಗೂ ಕೇಳಲಿ ಎಂದೇ ಕೂಗಿ ಹೇಳಿದ. ಡಾಕ್ಟರ ದೋಣಿಗೆ ಪ್ಲಾಟರ್ ಕೂರಿಸಲು ಭಾವ ತೋರಿಸಿದ ಜಾಗ ಬೇರೆ, ತಾನು ಕೂರಿಸಿದ ಜಾಗ ಬೇರೆ. ಕಬ್ಬಿಣ ಬೇಡ ಅಂದಿದ್ದರು, ತಾನು ಕಬ್ಬಿಣ ಹಾಕಿದೆ. ತಿರುಗಿಸಿ ನೋಡಿದೆಯಾ ಎಂದು ಕೇಳಿದರು, ನೋಡಿದೆ ಎಂದು ಸುಳ್ಳು ಹೇಳಿದೆ. ಯಜಮಾನರು ಕೇಳಿದಾಗ ಭಾವ ತಾವೇ ಅಂದರು. ತಾನು ಸುಮ್ಮನಿದ್ದೆ. ನಾಲ್ಕು ವರ್ಷ ಸುಮ್ಮನಿದ್ದೆ.

ತಮಟೆಯವನು ಕೈ ನಿಲ್ಲಿಸಿದ. ಕರಿಯಯ್ಯ ಬಾಯಿ ತೆರೆದು, ಮುಚ್ಚಿ, ತಲೆಯ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

ಅಣ್ಣಮ್ಮ ಬೇಲಿ ದಾಟಿ ಬಂದಳು. ಹನುಮಮ್ಮ ಸೆರಗು ಹಿಡಿದು ಎಳೆದರೂ ನಿಲ್ಲಲಿಲ್ಲ. ತಮ್ಮನ ಎದುರಿಗೆ ಬಂದು ನಿಂತು, ಮಗುವನ್ನು ವಿಚಾರಿಸುವವಳ ಹಾಗೆ ಕೇಳಿದಳು.

"ಅವ್ರು ಎಲ್ಲಿ ಕೂರ್ಸು ಅಂದಿದ್ರು?"

"ಬಾಗಿಲ ಒಳಗಡೆ ಅಕ್ಕ. ತಿರುಗೋ ತೋಳಿನ ಮೇಲೆ. ಮೂರು ದಿನ ಕೂತು ಹುಡುಕಿದ್ರು."

"ಅಲ್ಲಿ ಕೂರ್ಸಿದ್ರೆ ಡಾಕ್ಟ್ರ ಕಾಲು ಹೋಗ್ತಿರಲಿಲ್ವಾ?"

"ಹೋಗ್ತಿರಲಿಲ್ಲ."

"ನೀನು ಬ್ಯಾರೆ ಕಡೆ ಕೂರ್ಸಿದ್ದು ಅವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಬೈವಾಗೆಲ್ಲ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ."

"ನಿನ್ನೆ ಬೆಳಗ್ಗೇನೂ?"

ಅಣ್ಣಮ್ಮ ಹೊಡೆಯಲಿಲ್ಲ, ಶಾಪ ಹಾಕಲಿಲ್ಲ. ತೋಡಿ ಹಾಕಿದ ಮಣ್ಣಿನ ಮೇಲೆ ಕುಸಿದು ಕೂತಳು. "ನನ್ನ ಬಾಯಿ ಮುಚ್ಸೋಕೆ ಒಂದು ಮಾತು ಸಾಕಾಗಿತ್ತಲ್ಲ," ಅಂದಳು. ಅದನ್ನು ಹೇಳಿದ್ದು ತಮ್ಮನಿಗಲ್ಲ, ಚಟ್ಟದ ಮೇಲಿದ್ದವನಿಗೆ. "ಒಂದೇ ಒಂದು ಮಾತು. ನಕ್ರಲ್ಲ ನೀವು. ನಕ್ಕೊಂಡು ಬಸ್ಸಿಗೆ ಹೋದ್ರಲ್ಲ."

ದೇವರಾಜ ಅವಳ ಕಾಲ ಬಳಿ ಕುಕ್ಕರಿಸಿದ. ಅಕ್ಕನ ಹತ್ತಿರ ಇದ್ದ ಕೊನೆಯ ಸಮಾಧಾನವನ್ನೂ ತಾನು ಕಿತ್ತುಕೊಂಡೆ ಎಂಬುದು ಅವನಿಗೆ ಗೊತ್ತಿತ್ತು. ಹೇಳದಿದ್ದರೆ ಭಾವನಿಗೆ ದ್ರೋಹ, ಹೇಳಿದ್ದರಿಂದ ಇವಳಿಗೆ. "ಅಕ್ಕ," ಎಂದು ಅವಳ ಪಾದ ಮುಟ್ಟಲು ಹೋದ. ಅವಳು ಪಾದ ಹಿಂದಕ್ಕೆ ಎಳೆದುಕೊಂಡಳು.

"ಗುಂಡಿ ನೆಟ್ಟಗೆ ಮಾಡು," ಅಂದಳು.

ಅವನು ಎದ್ದು ಒಂದು ನೇರ ಗಳ ತಂದು ನೆಲಕ್ಕೆ ನೆಟ್ಟ. ಹನ್ನೆರಡೂವರೆ ದಾಟಿತ್ತು. ಸಂಕ್ರಾಂತಿ ಕಳೆದ ಬಿಸಿಲು. ಆ ಹೊತ್ತಿನ ನೆರಳು ಉತ್ತರಕ್ಕೇ ಬೀಳುತ್ತದೆ. ನೆರಳಿನ ಗೆರೆಗೆ ಹಗ್ಗ ಹಿಡಿದು ಗುರುತು ಹಾಕಿ, ಅಂಗಿ ಬಿಚ್ಚಿಟ್ಟು, ಗುದ್ದಲಿ ತೆಗೆದುಕೊಂಡು ಗುಂಡಿಗಿಳಿದ. ಬಂಡೆ ಇದ್ದದ್ದು ಕಾಲ ಕಡೆಯ ಮೂಡಲ ಮೂಲೆಯಲ್ಲಿ. ಅದನ್ನು ಮುಟ್ಟದೆ ತಲೆಯ ಕಡೆ ಪಡುವಲ ಗೋಡೆಯನ್ನು ಕಡಿಯಬೇಕಿತ್ತು. ಮಣ್ಣು ಗಟ್ಟಿಯಿತ್ತು. ಇಬ್ಬರು ಗಂಡಸರು ಪಂಚೆ ಎತ್ತಿ ಕಟ್ಟಿ ಇಳಿಯಲು ಬಂದರು.

"ಯಾರೂ ಇಳೀಬೇಡಿ," ಅಂದಳು ಅಣ್ಣಮ್ಮ.

ಅವರು ಹಿಂದೆ ಸರಿದರು. ಅವಳು ಚಟ್ಟದ ಹತ್ತಿರ ಸರಿದು, ಹಗ್ಗ ಸಡಿಲಿಸಿ, ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಶ್ಯಾಮಲಾ ಬೇಲಿ ದಾಟಿ ಬಂದು ಅಪ್ಪನ ಕಾಲ ಬಳಿ ಕೂತಳು. ಯಾರೂ ಅವರನ್ನು ಎಬ್ಬಿಸಲಿಲ್ಲ.

ಬಹಳ ಹೊತ್ತು ಗುದ್ದಲಿಯ ಸದ್ದು ಮಾತ್ರ ಕೇಳುತ್ತಿತ್ತು. ದೇವರಾಜನ ಅಂಗೈಯಲ್ಲಿ ಗುಳ್ಳೆ ಎದ್ದು ಒಡೆಯಿತು. ಕೊನೆಗೆ ಹಗ್ಗ ಹಿಡಿದು ನೋಡಿ, "ಆಯ್ತು ಅಕ್ಕ," ಅಂದ.

ಕರಿಯಯ್ಯ ಬಗ್ಗಿ ಉದ್ದಕ್ಕೂ ಕಣ್ಣು ಹಾಯಿಸಿದ. "ನೆಟ್ಟಗಾಯ್ತು ಕಣವ್ವ. ಒಂದು ಬೆರಳೂ ಆಚೀಚೆ ಇಲ್ಲ," ಅಂದ.

ಅಣ್ಣಮ್ಮ ಗುಂಡಿಯ ಕಡೆ ನೋಡಲೇ ಇಲ್ಲ. ಗಂಡನ ಹಣೆಯ ಮೇಲೆ ಹಾರಿಬಿದ್ದಿದ್ದ ಮಣ್ಣನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದಳು.

"ಇನ್ನೂ ಐತೆ," ಅಂದಳು. "ಅಗಿ."

ದೇವರಾಜ ಗುದ್ದಲಿ ಎತ್ತಿ ಮತ್ತೆ ಬಗ್ಗಿದ.